ಕೂಸಿನ ಜೊತೆ ಟೆಂಟಿನಲ್ಲಿ ಮೊದಲ ರಾತ್ರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲ ಹತ್ತಿರ ಬರುತ್ತಿದ್ದಂತೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಒಂದೇ ವಿಷಯದ ಪತ್ರಗಳು ಸಾಲುಸಾಲಾಗಿ ಬಂದಿವೆ. ನಡೆಯಲು ಕಲಿತ, ಇನ್ನೂ ಮೂರು ತುಂಬದ ಮಗುವನ್ನು ಕಟ್ಟಿಕೊಂಡು ಮೊದಲ ಸಲ ಕ್ಯಾಂಪಿಂಗ್‌ಗೆ ಹೋಗುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ನಮ್ಮ ಮಗಳಿಗೆ ಒಂದು ವರ್ಷ ಒಂಬತ್ತು ತಿಂಗಳು. ಜೋಗಿಮಟ್ಟಿಗೆ ಹೋಗೋಣ ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಸೂಳೆಕೆರೆ ದಂಡೆ ಇಷ್ಟ. ಮೊದಲ ಸಲಕ್ಕೆ ಯಾವುದು ಒಳ್ಳೆಯದು? ಯಾವ ತಿಂಗಳಲ್ಲಿ ಹೋಗಬೇಕು?
ತಾಯಿಯೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಮೊದಲ ಸಲಕ್ಕೆ ಎರಡೂ ಬೇಡ. ಜೋಗಿಮಟ್ಟಿ ವನ್ಯಜೀವಿಧಾಮ. ಅಲ್ಲಿ ಕರಡಿ, ಚಿರತೆ ಎರಡೂ ಇವೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮಕ್ಕೂ ಇದೇ ಮಾತು. ಸೂಳೆಕೆರೆಯಾಗಲಿ, ಹಿರಿಯೂರಿನ ವಾಣಿವಿಲಾಸ ಸಾಗರವಾಗಲಿ ಹಗಲು ನೋಡಿ ಬರಲು ಚೆಂದ, ಆದರೆ ನಡೆಯುವ ಕೂಸನ್ನು ಇಟ್ಟುಕೊಂಡು ನೀರಿನ ದಂಡೆಯಲ್ಲಿ ರಾತ್ರಿ ಕಳೆಯುವುದು ಬೇರೆಯೇ ವಿಷಯ. ಈ ವಯಸ್ಸಿನ ಮಗು ಮುಳುಗುವಾಗ ಕೂಗುವುದೂ ಇಲ್ಲ, ಕೈಕಾಲು ಬಡಿಯುವುದೂ ಕಡಿಮೆ. ಒಂದು ಗೇಣು ನೀರು ಸಾಕು. ಬಕೆಟ್ಟಿನ ನೀರೂ ಅಷ್ಟೇ ಅಪಾಯ. ಕ್ಯಾಂಪಿನಲ್ಲಿ ಬಳಸಿ ಉಳಿದ ನೀರನ್ನು ಕೂಡಲೇ ಚೆಲ್ಲಿ ಬಕೆಟ್ ಬೋರಲು ಹಾಕಿ.

ಮೊದಲ ಸಲಕ್ಕೆ ಹೊಂದುವ ಜಾಗ ನೆಂಟರದೋ ಸ್ನೇಹಿತರದೋ ಹೊಲ, ತೋಟ. ನಾಲ್ಕು ವಿಷಯ ನೋಡಿಕೊಳ್ಳಿ. ಮನೆಯಿಂದ ಒಂದು ಗಂಟೆಯೊಳಗೆ ತಲುಪಬೇಕು. ಗಾಡಿ ಟೆಂಟಿನ ಹತ್ತಿರದವರೆಗೂ ಬರಬೇಕು. ಫೋನ್ ಸಿಗ್ನಲ್ ಇರಬೇಕು. ಮಳೆ ಬಂದರೆ, ಮಗು ಹಟ ಹಿಡಿದರೆ ಒಳಗೆ ಮಲಗಲು ತೋಟದ ಮನೆಯ ಒಂದು ಕೋಣೆಯಾದರೂ ಇರಬೇಕು. ಹೊಲದಲ್ಲಿ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ. ಸಮತಟ್ಟು, ಗಟ್ಟಿ, ಹುಲ್ಲಿಲ್ಲ. ಆದರೆ ಕಣದ ಮಗ್ಗುಲಲ್ಲೇ ಬಣವೆ ಇದ್ದರೆ ಅಲ್ಲಿ ಇಲಿ, ಇಲಿಯ ಹಿಂದೆ ಹಾವು. ಬಣವೆ, ಕಲ್ಲಿನ ಗುಡ್ಡೆ, ಸೌದೆ ರಾಶಿಯಿಂದ ಕನಿಷ್ಠ ಮೂವತ್ತು ಹೆಜ್ಜೆ ದೂರವಿರಿ. ಚನ್ನಗಿರಿ ಕಡೆಯ ಅಡಿಕೆ ತೋಟದೊಳಗೆ ತಂಪು ನಿಜ, ಆದರೆ ನೀರು ಬಿಟ್ಟ ನೆಲ ಸದಾ ಹಸಿ, ಸೊಳ್ಳೆ ವಿಪರೀತ, ಮೇಲಿಂದ ಹಾಳೆ ಸಮೇತ ಸೋಗೆ ಬೀಳುತ್ತದೆ. ತೆಂಗಿನ ಬುಡವಂತೂ ಬೇಡವೇ ಬೇಡ. ತೆರೆದ ಬಾವಿ, ಕೃಷಿ ಹೊಂಡ ಇರುವ ತೋಟವಾದರೆ ಅದಕ್ಕೆ ಬೇಲಿ ಇದೆಯೇ ಎಂದು ನೀವೇ ಮೊದಲು ಹೋಗಿ ಕಣ್ಣಾರೆ ನೋಡಿ ಬನ್ನಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುತ್ತದೆ. ಬಿದ್ದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ಬೇಲಿ ಇಲ್ಲದಿದ್ದರೆ ಬೇರೆ ತೋಟ ಹುಡುಕಿ.

ಕಾಲ ಅಂದರೆ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಜೂನ್‌ನಿಂದ ಆಗಸ್ಟ್‌ವರೆಗೆ ದುರ್ಗದ ಗಾಳಿ ಟೆಂಟನ್ನು ನಿಲ್ಲಗೊಡುವುದಿಲ್ಲ. ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಎಂಟಕ್ಕೇ ಟೆಂಟಿನೊಳಗೆ ಕೂರಲಾಗದ ಸೆಕೆ.

ಒಂದೇ ರಾತ್ರಿ ಸಾಕು. ಮಧ್ಯಾಹ್ನ ಮೂರಕ್ಕೆ ಜಾಗ ತಲುಪಿ, ಐದರೊಳಗೆ ಟೆಂಟ್ ಎದ್ದಿರಲಿ. ಈ ತಿಂಗಳುಗಳಲ್ಲಿ ಆರೂವರೆಗೆಲ್ಲ ಕತ್ತಲು. ಕತ್ತಲಲ್ಲಿ ಅಪ್ಪ ಟೆಂಟ್ ಕಟ್ಟುತ್ತ, ಅಮ್ಮ ಅಡುಗೆ ಮಾಡುತ್ತ, ಮಗು ಯಾರ ಕಣ್ಣಿಗೂ ಬೀಳದೆ ಓಡಾಡುವ ಆ ಅರ್ಧ ಗಂಟೆಯೇ ಇಡೀ ಪ್ರವಾಸದ ಅತಿ ಅಪಾಯದ ಹೊತ್ತು.

ಮೂರು ಜನರ ಟೆಂಟ್ ಕೊಂಡಿದ್ದೇವೆ. ಊರ ಹೊರಗಿನ ಹೊಲದಲ್ಲಿ ಕಟ್ಟಿ ನೋಡಿದರೆ ಗೂಟಗಳು ನೆಲಕ್ಕಿಳಿಯದೆ ಬಾಗಿದವು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ನೀರಿನ ಹನಿ. ಟೆಂಟ್ ಸೋರುತ್ತಿದೆಯೇ?
ಓದುಗರೊಬ್ಬರು, ಚಿತ್ರದುರ್ಗ

ಸೋರುತ್ತಿಲ್ಲ. ಆ ನೀರು ನಿಮ್ಮದೇ ಉಸಿರು. ಮೂವರು ರಾತ್ರಿಯಿಡೀ ಬಿಡುವ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮಗುವಿಗೆ ಗಾಳಿ ತಾಗೀತೆಂದು ಎಲ್ಲ ಕಿಂಡಿ ಮುಚ್ಚಿದಷ್ಟೂ ಹನಿ ಹೆಚ್ಚು, ಮಗುವಿನ ಹೊದಿಕೆ ಹಸಿ, ಚಳಿಯೂ ಹೆಚ್ಚು. ಮೇಲಿನ ಕಿಂಡಿ, ಬಾಗಿಲಿನ ಮೇಲ್ಭಾಗದ ಒಂದು ಗೇಣು ಜಾಗ ಬರೀ ಸೊಳ್ಳೆ ಬಲೆಯಲ್ಲಿ ತೆರೆದಿರಲಿ. ಹೊರ ಹೊದಿಕೆ ಒಳ ಟೆಂಟಿಗೆ ಎಲ್ಲೂ ಅಂಟದಂತೆ ಬಿಗಿಯಾಗಿ ಎಳೆದು ಕಟ್ಟಿ. ಅಂಟಿದ ಕಡೆಯಿಂದಲೇ ತೇವ ಒಳಗಿಳಿಯುವುದು.

ಗೂಟದ ವಿಷಯ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ನಮ್ಮ ಮರಡಿ ನೆಲಕ್ಕೆ ಆಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟು ಇಂಚಿನ ಕಬ್ಬಿಣದ ಮೊಳೆ ಹನ್ನೆರಡು ಕೊಳ್ಳಿ, ಜೊತೆಗೆ ಒಂದು ಸುತ್ತಿಗೆ. ಮೊಳೆಯ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ತುದಿ ಟೆಂಟಿನ ಕಡೆಗಿರಬೇಕು. ನೆಟ್ಟಗೆ ಹೊಡೆದರೆ ಹಗ್ಗ ಎಳೆದಾಗ ಕಿತ್ತು ಬರುತ್ತದೆ. ಅರ್ಧಕ್ಕೆ ಕಲ್ಲು ತಾಗಿದರೆ ಜೋರು ಮಾಡಬೇಡಿ, ನಾಲ್ಕು ಬೆರಳು ಪಕ್ಕಕ್ಕೆ ಹೊಡೆಯಿರಿ. ಪೂರ್ತಿ ಬಂಡೆಯೇ ಆದರೆ ಹಗ್ಗವನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಕಟ್ಟಿ, ಅದರ ಮುಂದೆ, ಟೆಂಟಿನ ಕಡೆಗೆ, ಇಬ್ಬರು ಹೊರುವಷ್ಟು ದೊಡ್ಡ ಕಲ್ಲು ಇಡಿ. ಎಳೆತ ದೊಡ್ಡ ಕಲ್ಲಿಗೆ ಹೋಗುತ್ತದೆ, ಹಗ್ಗ ಸವೆಯುವುದಿಲ್ಲ. ಕಲ್ಲು ಎತ್ತುವ ಮುಂಚೆ ಕೋಲಿನಿಂದ ಹೊರಳಿಸಿ. ಚೇಳು ಇರುವುದೇ ಅದರಡಿ.

ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಸಮಸ್ಯೆ ಬೇರೆ. ಮಳೆಯಾದ ವಾರದಲ್ಲಿ ಗೂಟ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಹೊರಬರುತ್ತದೆ. ಒಣಗಿದ ಮೇಲೆ ಬಿರುಕು, ಬಿರುಕಿನಲ್ಲಿ ಹುಳುಹುಪ್ಪಟೆ. ಮಸಾರಿ (ಕೆಂಪು ಮಣ್ಣಿನ) ನೆಲ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಟೆಂಟ್ ಹರವುವ ಮುಂಚೆ ನೆಲ ಗುಡಿಸುವುದೇ ಎಲ್ಲಕ್ಕಿಂತ ಮುಖ್ಯ ಕೆಲಸ, ಹೆಚ್ಚಿನವರು ಬಿಡುವುದೂ ಅದನ್ನೇ. ಕಡ್ಡಿ ಪೊರಕೆ ಒಯ್ಯಿರಿ. ಹನ್ನೆರಡು ಅಡಿಗೆ ಹನ್ನೆರಡು ಅಡಿ ಜಾಗವನ್ನು ಎರಡು ಸಲ ಗುಡಿಸಿ, ಆಮೇಲೆ ಅಂಗೈಯಿಂದ ಮೆಲ್ಲಗೆ ಸವರಿ ನೋಡಿ. ನೆಗ್ಗಿಲು ಮುಳ್ಳು ಕಡಲೆಕಾಳಿನಷ್ಟೇ ಇರುತ್ತದೆ, ಮಣ್ಣಿನ ಬಣ್ಣವೇ ಅದರದ್ದು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಟೆಂಟಿನ ತಳ, ಫೋಮ್ ಚಾಪೆ ಎರಡನ್ನೂ ದಾಟಿ ಕೂಸಿನ ಮೊಣಕಾಲಿಗೆ ಚುಚ್ಚುವುದು ಅದೇ ಮೊನೆ. ಬಳ್ಳಾರಿ ಜಾಲಿಯ ಮುಳ್ಳಾದರೆ ಚಪ್ಪಲಿಯ ಅಟ್ಟೆಯನ್ನೂ ತೂರುತ್ತದೆ. ಹಾಗಾಗಿ ಮಗುವಿಗೆ ದಪ್ಪ ಅಟ್ಟೆಯ ಬೂಟೇ ಇರಲಿ.

ತಳಕ್ಕೆ ಹಾಸುವ ತಾಡಪಾಲು ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಾಗಿರಬೇಕು. ಹೊರಗೆ ಚಾಚಿದ್ದರೆ ಮಳೆ ನೀರನ್ನು ಅದೇ ಹಿಡಿದು ಟೆಂಟಿನಡಿಗೆ ಕಳಿಸುತ್ತದೆ. ಬಾಗಿಲು ಗಾಳಿಗೆ ಎದುರಾಗದಿರಲಿ. ಒಂದು ಬಟ್ಟೆಯ ಚೂರನ್ನು ಕೋಲಿಗೆ ಕಟ್ಟಿ ಹತ್ತು ನಿಮಿಷ ಬಿಟ್ಟರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಪೂರ್ವಕ್ಕೆ ಮರವೋ ಗೋಡೆಯೋ ಇದ್ದರೆ ಬೆಳಗಿನ ಬಿಸಿಲು ತಡವಾಗಿ ತಾಗುತ್ತದೆ, ಮಗು ಇನ್ನೊಂದು ಗಂಟೆ ಮಲಗುತ್ತದೆ. ಮರದಲ್ಲೋ ಹತ್ತಿರದ ಬಂಡೆಯಲ್ಲೋ ಹೆಜ್ಜೇನು ಇದೆಯೇ ಎಂದು ತಲೆಯೆತ್ತಿ ನೋಡಿ. ಇದ್ದರೆ ಆ ಜಾಗ ಬಿಟ್ಟುಬಿಡಿ, ಹೊಗೆಗೆ ಅವು ಏಳುತ್ತವೆ.

ಕೊನೆಯದಾಗಿ, ಟೆಂಟಿನ ಹಗ್ಗಗಳು ಸರಿಯಾಗಿ ಮಗುವಿನ ಕುತ್ತಿಗೆ, ಎದೆಯ ಎತ್ತರದಲ್ಲಿ ಹಾದು ಹೋಗುತ್ತವೆ. ಪ್ರತಿ ಹಗ್ಗಕ್ಕೂ ಬಣ್ಣದ ಬಟ್ಟೆ ಕಟ್ಟಿ. ಮೊಳೆಯ ತಲೆಗೆ ಹಳೆಯ ಟೆನ್ನಿಸ್ ಚೆಂಡು ಕೊಯ್ದು ತೊಡಿಸಿದರೆ ಬಿದ್ದರೂ ಗಾಯವಾಗದು.

ಎರಡು ವರ್ಷದ ಮಗನನ್ನು ಕರೆದುಕೊಂಡು ಹೋಗಿದ್ದೆವು. ಗಾಳಿ ತುಂಬುವ ಹಾಸಿಗೆ, ದಪ್ಪ ರಗ್ಗು ಎಲ್ಲ ಇತ್ತು. ಆದರೂ ರಾತ್ರಿ ಮೂರಕ್ಕೆ ಎದ್ದು ಅತ್ತವನು ಬೆಳಗಿನವರೆಗೂ ಮಲಗಲಿಲ್ಲ. ಎಲ್ಲಿ ತಪ್ಪಿದೆವು?
ತಂದೆಯೊಬ್ಬರು, ಹರಿಹರ

ಗಾಳಿ ಹಾಸಿಗೆಯಲ್ಲಿ ತಪ್ಪಿದಿರಿ. ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ. ಹಾಸಿಗೆಯೊಳಗಿನ ಗಾಳಿ ನೆಲದ ತಂಪಿಗೆ ತಣ್ಣಗಾಗಿ, ಮೇಲೆ ಮಲಗಿದವರ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಡಿಸೆಂಬರಿನಲ್ಲಿ ನೆಲ ಅತಿ ತಣ್ಣಗಾಗುವುದು ಮೂರು ಗಂಟೆಯಿಂದ ಸೂರ್ಯ ಹುಟ್ಟುವವರೆಗೆ. ಮಗ ಎದ್ದದ್ದೂ ಅದೇ ಹೊತ್ತಿಗೆ. ಅಲ್ಲದೆ ದೊಡ್ಡವರು ಮಗ್ಗುಲು ಬದಲಿಸಿದಾಗಲೆಲ್ಲ ಹಾಸಿಗೆ ಅಲುಗಿ ಚಿಕ್ಕವರು ಉರುಳುತ್ತಾರೆ.

ಹೀಗೆ ಹಾಸಿ ನೋಡಿ. ಅಡಿಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ಫೋಮ್ ಚಾಪೆ, ಎರಡು ಪದರ. ಅದರ ಮೇಲೆ ಕುರಿ ಉಣ್ಣೆಯ ಕಂಬಳಿ ಮಡಿಸಿ. ಚಳ್ಳಕೆರೆ ಕಂಬಳಿ ಮನೆಯಲ್ಲಿದ್ದರೆ ಹೊದೆಯಲು ಇಡಬೇಡಿ, ಹಾಸಲು ಬಳಸಿ. ಸ್ವಲ್ಪ ತೇವವಾದರೂ ಉಣ್ಣೆ ಬಿಸಿ ಬಿಡುವುದಿಲ್ಲ. ಅದು ಚುಚ್ಚುವುದರಿಂದ ಮೇಲೊಂದು ಹಳೆಯ ಸೀರೆಯ ಕೌದಿ. ಹೊದೆಯಲು ಮಗು ಮನೆಯಲ್ಲಿ ದಿನಾ ಹೊದೆಯುವ ಹೊದಿಕೆಯೇ ಸಾಕು. ತೊಳೆಯದೆ ಒಯ್ಯಿರಿ. ಆ ವಾಸನೆಯೇ ಅವನಿಗೆ ಮನೆ.

ಬಟ್ಟೆ ಪದರ ಪದರವಾಗಿರಲಿ: ಮೈಗಂಟುವ ಹತ್ತಿ ಬನಿಯನ್, ತುಂಬು ತೋಳಿನ ಅಂಗಿ, ಉದ್ದ ಚಡ್ಡಿ, ಮೇಲೊಂದು ಸ್ವೆಟರ್, ಕಾಲುಚೀಲ. ಹಗಲು ಬೆವರಿದ ಬಟ್ಟೆಯಲ್ಲೇ ಮಲಗಿಸಬೇಡಿ, ಕೊನೆಯ ನೂಲಿನವರೆಗೂ ಬದಲಾಯಿಸಿ. ಚಳಿಯಾಗುತ್ತಿದೆಯೇ ಎಂದು ನೋಡಲು ಅಂಗೈ ಮುಟ್ಟಬೇಡಿ, ಅದು ಯಾವಾಗಲೂ ತಣ್ಣಗೇ. ಕತ್ತಿನ ಹಿಂಭಾಗ ಮುಟ್ಟಿ. ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಸ್ವೆಟರ್ ತೆಗೆಯಿರಿ. ರಾತ್ರಿ ಹತ್ತೂವರೆಗೆ, ನೀವು ಮಲಗುವ ಮುಂಚೆ, ಡೈಪರ್ ಬದಲಾಯಿಸಿ. ನೆಂದ ಡೈಪರ್ ಮೂರು ಗಂಟೆಯ ಅಳುವಿಗೆ ಇನ್ನೊಂದು ಕಾರಣ.

ಮಗು ನಿಮ್ಮಿಬ್ಬರ ನಡುವೆ ಮಲಗಲಿ, ಟೆಂಟಿನ ಗೋಡೆ ಪಕ್ಕ ಬೇಡ. ಆದರೆ ಅದರ ಹೊದಿಕೆ ಅದಕ್ಕೇ ಪ್ರತ್ಯೇಕ, ನಿಮ್ಮ ದಪ್ಪ ರಗ್ಗು ಅದರ ಮುಖದ ಮೇಲೆ ಬರಬಾರದು. ದೊಡ್ಡವರ ಸ್ಲೀಪಿಂಗ್ ಬ್ಯಾಗಿನೊಳಗೆ ಕೂಸನ್ನು ಹಾಕಲೇಬೇಡಿ. ಒಳಗೆ ಜಾರಿದರೆ ಉಸಿರು ಕಟ್ಟುತ್ತದೆ. ಟೆಂಟಿನೊಳಗೆ ಕೆಂಡದ ಅಗ್ಗಿಷ್ಟಿಕೆ, ಗ್ಯಾಸ್ ಸ್ಟವ್, ಸೊಳ್ಳೆ ಬತ್ತಿ, ಮೇಣದ ಬತ್ತಿ ಯಾವುದೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ.

ಮುಂದಿನ ಸಲ ಹೋಗುವ ಮುಂಚೆ ತಾರಸಿಯ ಮೇಲೆ ಎರಡು ರಾತ್ರಿ ಅಭ್ಯಾಸ ಮಾಡಿಸಿ. ಅದಕ್ಕೂ ಮುಂಚೆ ಒಂದು ವಾರ ನಡುಮನೆಯಲ್ಲಿ ಟೆಂಟ್ ಎಬ್ಬಿಸಿಟ್ಟು ಒಳಗೆ ಆಟ ಆಡಲಿ, ಮಧ್ಯಾಹ್ನ ಅದರಲ್ಲೇ ಮಲಗಲಿ. ಜಿಪ್ ಎಳೆಯುವ ಸದ್ದು, ಬಟ್ಟೆ ಪಟಪಟ ಎನ್ನುವ ಸದ್ದು ಅವನಿಗೆ ಹಳೆಯದಾಗಿರಬೇಕು.

ಊಟಕ್ಕೆ ಏನು ಒಯ್ಯಬೇಕು? ಹಾಲು ಕೆಡುವುದಿಲ್ಲವೇ?
ಓದುಗರೊಬ್ಬರು, ಹೊಳಲ್ಕೆರೆ

ಹಸಿ ಹಾಲು ಬೇಡ. ಫ್ರಿಜ್ ಬೇಡದ 200 ಎಂಎಲ್‌ನ ಟೆಟ್ರಾಪ್ಯಾಕ್ ಹಾಲು ನಾಲ್ಕು ಒಯ್ಯಿರಿ. ಒಡೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದು ನಿಮ್ಮ ಚಹಾಕ್ಕೆ.

ರಾತ್ರಿ ಊಟಕ್ಕೆ ಮನೆಯಲ್ಲೇ ಪುಡಿ ಮಾಡಿಟ್ಟುಕೊಳ್ಳಿ. ಮುಕ್ಕಾಲು ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ ಬೇರೆಬೇರೆಯಾಗಿ ಘಮ್ಮೆನ್ನುವವರೆಗೆ ಹುರಿದು, ಅರ್ಧ ಚಮಚ ಜೀರಿಗೆ ಸೇರಿಸಿ ಉಪ್ಪಿಟ್ಟಿನ ರವೆಯಷ್ಟು ತರಿ ಮಾಡಿ. ಅಲ್ಲಿ ಒಂದು ಲೋಟ ತರಿಗೆ ನಾಲ್ಕೂವರೆ ಲೋಟ ಕುದಿಯುವ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಉಪ್ಪು, ತುಪ್ಪ. ಮೂವರಿಗೂ ಆಗುತ್ತದೆ. ಬೆಳಿಗ್ಗೆ ರಾಗಿ ಗಂಜಿ: ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡೇ ಬಿಸಿನೀರಿಗೆ ಹಾಕಿ, ಇಲ್ಲದಿದ್ದರೆ ಗಂಟು. ರಾತ್ರಿ ಉಳಿದ ಅನ್ನ, ಕಿಚಡಿ ಬೆಳಿಗ್ಗೆ ಮಗುವಿಗೆ ಕೊಡಬೇಡಿ. ಎಷ್ಟು ಕುದಿಸಿದರೂ ಹಳಸಿದ ಅನ್ನದ ವಿಷ ಹೋಗುವುದಿಲ್ಲ.

ದಾವಣಗೆರೆ ಕಡೆಯವರ ಬುತ್ತಿಯಲ್ಲಿ ಮಂಡಕ್ಕಿ ಇದ್ದೇ ಇರುತ್ತದೆ. ಅದರಲ್ಲಿರುವ ಶೇಂಗಾ, ಪುಟಾಣಿ (ಹುರಿಗಡಲೆ) ಎರಡೂ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ನಾಲ್ಕು ವರ್ಷದವರೆಗೂ ಇಡೀ ಶೇಂಗಾ ಕೊಡಲೇಬಾರದು. ಓಡುತ್ತ ತಿನ್ನುವಾಗ ಅದು ಶ್ವಾಸನಾಳಕ್ಕೆ ಹೋಗುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ.

ನೀರು ಮನೆಯಿಂದಲೇ ಒಯ್ಯಿರಿ, ಇಪ್ಪತ್ತು ಲೀಟರಿನ ಒಂದು ಕ್ಯಾನು. ಈ ಭಾಗದ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕೈಕಾಲು ತೊಳೆಯಲು ತೋಟದ ನೀರು ಬಳಸಬಹುದು.

ಸ್ಟವ್ ಟೆಂಟಿನಿಂದ ಹತ್ತು ಅಡಿ ದೂರ, ನೆಲದ ಮೇಲಲ್ಲ, ಮಗುವಿಗೆ ಎಟುಕದ ಕಲ್ಲುಕಟ್ಟೆಯ ಮೇಲೆ. ಉರಿ ಹೊತ್ತಿರುವಷ್ಟು ಹೊತ್ತೂ ಒಬ್ಬರಿಗೆ ಮಗು ನೋಡುವುದು ಬಿಟ್ಟು ಬೇರೆ ಕೆಲಸ ಇರಬಾರದು. "ನೋಡ್ಕೊ" ಎಂದು ಗಾಳಿಗೆ ಹೇಳಿದರೆ ಇಬ್ಬರೂ ನೋಡುವುದಿಲ್ಲ. "ಈಗ ನಿಮ್ಮ ಸರದಿ" ಎಂದು ಹೇಳಿ, ಅವರು "ಹೂಂ" ಎಂದ ಮೇಲೇ ಕೈಬಿಡಿ.

ಮಗ, ಸೊಸೆ ಹದಿನೆಂಟು ತಿಂಗಳ ಮೊಮ್ಮಗುವನ್ನು ಹೊಲದಲ್ಲಿ ಮಲಗಿಸುತ್ತೇವೆ ಎಂದು ಹೊರಟಿದ್ದಾರೆ. ಚೇಳು, ಹಾವು ಇರುವ ಸೀಮೆ ಇದು. ನಾನು ಹೆದರುವುದು ತಪ್ಪೇ?
ಅಜ್ಜಿಯೊಬ್ಬರು, ಚಳ್ಳಕೆರೆ

ಖಂಡಿತ ತಪ್ಪಲ್ಲ ಅಮ್ಮ. ನಮ್ಮ ಕೆಂಪು ಚೇಳು ಕುಟುಕಿದರೆ ದೊಡ್ಡವರಿಗೆ ಆಗುವುದಕ್ಕಿಂತ ಹೆಚ್ಚು ತೊಂದರೆ ಮಕ್ಕಳಿಗೆ. ವಿಷ ಅಷ್ಟೇ, ಮೈ ಚಿಕ್ಕದು. ಈ ಕೆಳಗಿನದನ್ನು ಮಗ, ಸೊಸೆಗೆ ಓದಿ ಹೇಳಿ, ಇಷ್ಟು ಮಾಡುತ್ತೇವೆ ಎಂದರೆ ಕಳುಹಿಸಿಕೊಡಿ.

ಟೆಂಟಿನ ತಳ ಗೋಡೆಗೆ ಹೊಲಿದು ಸೇರಿರಬೇಕು. ಒಳಗೆ ಹೋದ ಕೂಡಲೇ, ಹೊರಬಂದ ಕೂಡಲೇ ಜಿಪ್ ತುದಿಯವರೆಗೆ. ಕಟ್ಟುಹಾವು ಕಚ್ಚುವುದು ನೆಲದ ಮೇಲೆ ಮಲಗಿದವರನ್ನೇ, ಅದೂ ನಿದ್ದೆಯಲ್ಲಿ. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಎಚ್ಚರವೇ ಆಗದಿರಬಹುದು. ಮುಚ್ಚಿದ ಜಿಪ್ ಅದಕ್ಕೆ ದೊಡ್ಡ ತಡೆ. ಟೆಂಟಿನೊಳಗೆ ತಿಂಡಿ ಇಡಬೇಡಿ. ಚೂರು ಬಿದ್ದಲ್ಲಿ ಇರುವೆ, ಇಲಿ ಬರುತ್ತವೆ. ಬೂಟುಗಳನ್ನು ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಒಳಗಿಡಿ, ಬೆಳಿಗ್ಗೆ ಕೊಡವಿ ತೊಡಿಸಿ. ಕತ್ತಲಾದ ಮೇಲೆ ಮಗುವನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಓಡಾಡಿ. ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಒಂದು ಕೊಂಡರೆ ಬಹಳ ಉಪಯೋಗ. ಅದರ ಬೆಳಕಿಗೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ, ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಆ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು.

ಕುಟುಕಿದರೆ, ಕಚ್ಚಿದರೆ: ಕೊಯ್ಯುವುದು, ಚೀಪುವುದು, ಬಿಗಿಯಾಗಿ ದಾರ ಕಟ್ಟುವುದು, ನಾಟಿ ಔಷಧಿಗೆ ಹೊತ್ತು ಕಳೆಯುವುದು ಯಾವುದೂ ಬೇಡ. ಮಗುವನ್ನು ನಡೆಸದೆ, ಆ ಕೈ ಅಥವಾ ಕಾಲನ್ನು ಒಂದು ಪಟ್ಟಿಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ಗಂಟೆ ಎಷ್ಟೆಂದು ಬರೆದುಕೊಂಡು ಹೊರಡಿ. ಚೇಳು ಕುಟುಕಿದ ಮಗು ಬೆವರಿದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ವಿಷ ಏರುತ್ತಿದೆ ಎಂದರ್ಥ. ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಚೆನ್ನಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. 108ಕ್ಕೆ ಕರೆ ಮಾಡಿ. ಗಾಡಿ ಪಕ್ಕದಲ್ಲೇ ಇದ್ದರೆ ನೀವೇ ಹೊರಡಿ. ತೋಟಕ್ಕೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ಅಲ್ಲಿ ಹಾವಿನ ವಿಷಕ್ಕೆ ಮದ್ದು, ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಔಷಧಿ ಡಬ್ಬಿಯ ಬಗ್ಗೆ ಒಂದೆರಡು ಮಾತು. ಜ್ವರದ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ, 250 ಮಿಲಿಗ್ರಾಂ ಹೀಗೆ ಬೇರೆಬೇರೆ ಶಕ್ತಿಯಲ್ಲಿ ಸಿಗುತ್ತದೆ. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಒಂದನ್ನು ಇನ್ನೊಂದೆಂದು ಕೊಟ್ಟರೆ ಡೋಸು ದುಪ್ಪಟ್ಟು. ಮಗುವಿನ ತೂಕಕ್ಕೆ ಎಷ್ಟು ಎಂಎಲ್ ಎಂದು ನಿಮ್ಮ ಮಕ್ಕಳ ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ. ಓಆರ್‌ಎಸ್ ಪೊಟ್ಟಣ ದೊಡ್ಡದಾದರೆ ಒಂದು ಲೀಟರ್‌ಗೆ, ಸಣ್ಣದಾದರೆ 200 ಎಂಎಲ್‌ಗೆ. ಅಂದಾಜಿಗೆ ಅರ್ಧ ಪುಡಿ ಹಾಕಬೇಡಿ. ಸೊಳ್ಳೆ ಕ್ರೀಮನ್ನು ಮಗುವಿನ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ. ನೀಲಗಿರಿ ನಿಂಬೆ ಎಣ್ಣೆ ಮೂರು ವರ್ಷದೊಳಗಿನವರಿಗೆ ಆಗದು. ದನ ಮಲಗುವ ಜಾಗದಲ್ಲಿ ಆಡಿದ್ದರೆ ರಾತ್ರಿ ಕಿವಿಯ ಹಿಂದೆ, ಕಂಕುಳು, ತೊಡೆಸಂದಿಯಲ್ಲಿ ರಕ್ತ ಹೀರುವ ಉಣ್ಣಿ (ಉಣುಗು) ಇದೆಯೇ ನೋಡಿ. ಕಂಡರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕಬೇಡಿ.

ಬಳಸಿದ ಡೈಪರ್ ಹೂಳಬಹುದೇ?
ತಾಯಿಯೊಬ್ಬರು, ಮಲೇಬೆನ್ನೂರು

ಬೇಡ, ಸುಡಲೂ ಬೇಡ. ನಾಯಿ, ನರಿ ಅಗೆದು ಎಳೆದಾಡುತ್ತವೆ, ಒಳಗಿನ ಪ್ಲಾಸ್ಟಿಕ್ ಹೊಲದಲ್ಲೇ ಉಳಿಯುತ್ತದೆ. ಎರಡು ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಒಂದು ದಿನಕ್ಕೆ ಹತ್ತು ಡೈಪರ್ ಇರಲಿ, ಬಟ್ಟೆ ನಾಲ್ಕು ಜೊತೆ.

ರಾತ್ರಿ ಮಗು ಸುಮ್ಮನಾಗದೇ ಇದ್ದರೆ?
ತಂದೆಯೊಬ್ಬರು, ಹೊನ್ನಾಳಿ

ಮುಕ್ಕಾಲು ಗಂಟೆ ನೋಡಿ. ಹಸಿವು, ಚಳಿ, ಡೈಪರ್, ಮುಳ್ಳು, ಇರುವೆ ಇಷ್ಟನ್ನು ಬಟ್ಟೆ ಬಿಚ್ಚಿ ಪರೀಕ್ಷಿಸಿ. ಯಾವುದೂ ಅಲ್ಲದಿದ್ದರೆ ತೋಟದ ಮನೆಯ ಕೋಣೆಗೆ ಹೋಗಿ ಮಲಗಿ, ಇಲ್ಲವೇ ಊರಿಗೆ ಹೊರಡಿ. ಅದಕ್ಕಾಗಿಯೇ ಗಾಡಿಯನ್ನು ಮೂತಿ ದಾರಿಯ ಕಡೆಗೆ ತಿರುಗಿಸಿ ನಿಲ್ಲಿಸಿರಬೇಕು, ಕೀ ಒಂದೇ ಜಾಗದಲ್ಲಿ ನೇತುಹಾಕಿರಬೇಕು, ಮಗುವಿನ ಚೀಲ ಕಟ್ಟಿಯೇ ಇರಬೇಕು. ನಿಮ್ಮಲ್ಲಿ ಯಾರು ಓಡಿಸುತ್ತೀರೋ ಅವರು ಹಗಲು ಒಂದು ಗಂಟೆ ಮಲಗಿ ಎದ್ದಿರಬೇಕು, ನಿದ್ದೆಗಣ್ಣಿನಲ್ಲಿ ಗಾಡಿ ಹತ್ತಬೇಡಿ. ಟೆಂಟನ್ನು ಅಲ್ಲೇ ಬಿಟ್ಟು, ಮರುದಿನ ಬಿಸಿಲೇರಿ ಇಬ್ಬನಿ ಆರಿದ ಮೇಲೆ ಬಂದು ಮಡಿಸಿಕೊಳ್ಳಿ. ಹಸಿಯಲ್ಲೇ ಮಡಿಸಿದ ಟೆಂಟಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.